ಹೊಸ ಗ್ರಾಫಿಕ್ಸ್ ಕಾರ್ಡು: ಕೊಳ್ಳಬೇಕೆ, ಕಾಯಬೇಕೆ?

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆದು ಹೋಗುವವರಿಗೆ ಮನೆಮನೆಯಿಂದಲೂ ಮಗ್ಗದ ಸದ್ದು ಕೇಳಿಬರುವುದು. ಅಂತಹ ಒಂದು ನೇಕಾರ ಮನೆತನದ ಯುವಕ, ನಮ್ಮ ಹಳೆಯ ವಿದ್ಯಾರ್ಥಿ, ಕೆಲವು ತಿಂಗಳ ಹಿಂದೆ ನಮ್ಮಲ್ಲಿಗೆ ಬಂದು ಒಂದು ಪ್ರಶ್ನೆಯನ್ನು ಮುಂದಿಟ್ಟನು. ಅವನು ಸೀರೆಯ ದಡಿ ಮತ್ತು ಸೆರಗುಗಳ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ರಚಿಸಿ ಮಗ್ಗದವರಿಗೆ ಕೊಡುತ್ತಾನೆ. ಬಿಡುವಿನಲ್ಲಿ ಆಟವಾಡುವುದೂ ಉಂಟು; ಇತ್ತೀಚೆಗೆ ಕೃತಕ ಬುದ್ಧಿಮತ್ತೆಯಿಂದ ಹೊಸ ನಕ್ಷೆಗಳನ್ನು ಹೊರಡಿಸುವ ಹಂಬಲವೂ ಹುಟ್ಟಿದೆ. ಅವನ ಯಂತ್ರದಲ್ಲಿರುವುದು 2016ರಲ್ಲಿ ಮಾರುಕಟ್ಟೆಗೆ ಬಂದ ಜಿಟಿಎಕ್ಸ್ 1060 ಎಂಬ ಗ್ರಾಫಿಕ್ಸ್ ಕಾರ್ಡು. ಅವನ ಕಣ್ಣು ಬಿದ್ದಿರುವುದು 2025ರ ಜನವರಿಯಲ್ಲಿ ಹೊರಬಂದ ಆರ್‌ಟಿಎಕ್ಸ್ 5090ರ ಮೇಲೆ. ಬಿಡುಗಡೆಯ ದಿನವೇ ಅದರ ಬೆಲೆ ನಮ್ಮ ದೇಶದಲ್ಲಿ ಎರಡು ಲಕ್ಷ ರೂಪಾಯಿಗಳನ್ನು ದಾಟಿದ್ದಿತು. ಹಣವೇನೋ ಮನೆಯಲ್ಲಿದೆ, ಆದರೆ ಅದು ಹಳೆಯ ಮಗ್ಗವೊಂದನ್ನು ಬದಲಿಸಲೆಂದು ತಂದೆಯವರು ವರ್ಷಗಳಿಂದ ಕೂಡಿಟ್ಟ ಹಣ.

"ಸರ್, ಇದನ್ನ ತಗೊಂಡ್ರ ನನ್ನ ಕೆಲಸ ಇಪ್ಪತ್ತು ಪಟ್ಟು ಜಲ್ದಿ ಆಗತೈತ್ರಿ?" ಎಂಬುದು ಅವನ ಪ್ರಶ್ನೆ. ಜಮಖಂಡಿ, ಮುಧೋಳ, ಬೀಳಗಿಗಳ ವಿದ್ಯಾರ್ಥಿಗಳೂ ಇದನ್ನೇ ಬೇರೆ ಬೇರೆ ಮಾತಿನಲ್ಲಿ ಕೇಳಿದುದುಂಟು. ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವಂತಿಲ್ಲ. ಮೊದಲು ಈ ಕಾರ್ಡು ಮಾಡುವ ಕೆಲಸವೇನೆಂಬುದನ್ನು ತಿಳಿಯಬೇಕು.

ಕಂಪ್ಯೂಟರಿನ ಪರದೆಯು ಬಣ್ಣದ ಸೂಕ್ಷ್ಮ ಬಿಂದುಗಳ ಒಂದು ಜಾಲ. ಸಾಮಾನ್ಯ ಪರದೆಯಲ್ಲಿ ಅಡ್ಡಲಾಗಿ 1,920, ಉದ್ದಕ್ಕೆ 1,080, ಒಟ್ಟು 20,73,600 ಬಿಂದುಗಳಿರುತ್ತವೆ. ಸೆಕೆಂಡಿಗೆ 60 ಸಲ ಚಿತ್ರ ಬದಲಾಗಬೇಕಾದರೆ ಸುಮಾರು 12 ಕೋಟಿ 44 ಲಕ್ಷ ಬಿಂದುಗಳ ಬಣ್ಣವನ್ನು ಪ್ರತಿ ಸೆಕೆಂಡಿಗೂ ನಿರ್ಧರಿಸಬೇಕು. ಒಂದು ಬಿಂದುವಿನ ಲೆಕ್ಕ ಇನ್ನೊಂದಕ್ಕಾಗಿ ಬಹುಮಟ್ಟಿಗೆ ಕಾಯಬೇಕಾಗಿಲ್ಲ. ಎಲ್ಲಕ್ಕೂ ಒಂದೇ ಬಗೆಯ ಗಣಿತ. ಕಂಪ್ಯೂಟರಿನ ಮುಖ್ಯ ಸಂಸ್ಕಾರಕವು ಎಲ್ಲ ಕಸುಬನ್ನೂ ಬಲ್ಲ ಒಬ್ಬ ಹಿರಿಯ ನೇಕಾರನಿದ್ದಂತೆ: ಎಳೆ ಹರಿದರೆ ಕಟ್ಟುವನು, ಬಣ್ಣ ತಪ್ಪಿದರೆ ತಿದ್ದುವನು, ಆದರೆ ಒಂದು ಕಾಲಕ್ಕೆ ಕೆಲವೇ ಮಗ್ಗಗಳನ್ನು ನಡೆಸಬಲ್ಲನು. ಗ್ರಾಫಿಕ್ಸ್ ಕಾರ್ಡು ಸಾವಿರಾರು ಚಿಕ್ಕ ಮಗ್ಗಗಳಿರುವ ಕಾರ್ಖಾನೆ. ಅಲ್ಲಿ ಒಂದೊಂದು ಮಗ್ಗವೂ ಅಷ್ಟು ಜಾಣನಲ್ಲ. ಆದರೆ ಎಲ್ಲವೂ ಒಂದೇ ನಕ್ಷೆಯನ್ನು ಒಟ್ಟಿಗೆ ನೇಯುತ್ತವೆ.

ಈ ಹೋಲಿಕೆ ನಾವು ಬಲವಂತದಿಂದ ತಂದದ್ದಲ್ಲ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡನು 1804ರ ಸುಮಾರಿಗೆ ರೂಪಿಸಿದ ಸಾಧನದಲ್ಲಿ ರಂಧ್ರ ಕೊರೆದ ರಟ್ಟಿನ ಪಟ್ಟಿಗಳು ಯಾವ ಹಾಸಿನ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂಬುದನ್ನು ನಿರ್ಧರಿಸುತ್ತಿದ್ದುವು. ರಂಧ್ರವಿದ್ದರೆ 'ಹೌದು', ಇಲ್ಲದಿದ್ದರೆ 'ಅಲ್ಲ'. ಚಾರ್ಲ್ಸ್ ಬ್ಯಾಬೇಜನು 1830ರ ದಶಕದಲ್ಲಿ ತನ್ನ ಗಣಕಯಂತ್ರದ ಯೋಜನೆಗೆ ಇದೇ ಪಟ್ಟಿಗಳನ್ನು ಎರವಲು ಪಡೆದನು. 1890ರ ಅಮೆರಿಕದ ಜನಗಣತಿಯಲ್ಲಿ ಹಾಲರಿತ್‌ನ ಯಂತ್ರಗಳು ರಂಧ್ರಿತ ಪಟ್ಟಿಗಳಿಂದಲೇ ಎಣಿಕೆ ನಡೆಸಿದುವು. ಜಕಾರ್ಡಿನ ಕಾರ್ಡು ಬರಿಯ ಮಾಹಿತಿ, ಇಂದಿನ ಗ್ರಾಫಿಕ್ಸ್ ಕಾರ್ಡು ಮಾಹಿತಿಯನ್ನು ಅರೆಯುವ ಯಂತ್ರ. ಹೆಸರಿನ ಸಾಮ್ಯ ಕೇವಲ ಆಕಸ್ಮಿಕ. ಆದರೂ ನೇಕಾರರ ಊರಿನಲ್ಲಿ ಈ ಪ್ರಶ್ನೆ ಹುಟ್ಟಿದುದು ನಮಗೆ ಹಿತವೆನಿಸಿತು.

ಇನ್ನು ಎರಡು ಕಾರ್ಡುಗಳನ್ನು ತೂಗಿ ನೋಡೋಣ. ಹಳೆಯದರಲ್ಲಿ 1,280 ಗಣಕ ಘಟಕಗಳು, ಹೊಸದರಲ್ಲಿ 21,760. ಹಳೆಯದರ ಸ್ಮೃತಿ 6 ಗಿಗಾಬೈಟ್, ಹೊಸದರದು 32. ಸ್ಮೃತಿಯಿಂದ ಘಟಕಗಳಿಗೆ ಮಾಹಿತಿ ಹರಿಯುವ ವೇಗ ಹಳೆಯದರಲ್ಲಿ ಸೆಕೆಂಡಿಗೆ 192 ಗಿಗಾಬೈಟ್, ಹೊಸದರಲ್ಲಿ 1,792. ಹಳೆಯದು ಸೆಕೆಂಡಿಗೆ ಸುಮಾರು 4.4 ಲಕ್ಷ ಕೋಟಿ ಗಣನೆಗಳನ್ನೂ, ಹೊಸದು ಸುಮಾರು 105 ಲಕ್ಷ ಕೋಟಿ ಗಣನೆಗಳನ್ನೂ ಮಾಡಬಲ್ಲವು. ಎಂದರೆ 24 ಪಟ್ಟು ವ್ಯತ್ಯಾಸ. ಹುಡುಗನು ಹೇಳಿದ 'ಇಪ್ಪತ್ತು ಪಟ್ಟು' ಜಾಹೀರಾತಿನ ಬರಿಯ ಬಡಾಯಿಯಲ್ಲವೆಂದು ಇದರಿಂದ ಒಪ್ಪಲೇಬೇಕು. ವಿದ್ಯುತ್ತಿನ ಸೇವನೆ 120 ವಾಟ್‌ಗಳಿಂದ 575 ವಾಟ್‌ಗಳಿಗೆ ಏರಿದೆ. ಅಲ್ಲಿಗೆ ಒಂದು ವಾಟಿಗೆ ದೊರೆಯುವ ಕೆಲಸ ಐದು ಪಟ್ಟು ಹೆಚ್ಚಿದೆ. ತಂತ್ರಜ್ಞರ ನಿಜವಾದ ಗೆಲುವು ಇದು.

ಆದರೆ ಯಂತ್ರದ ಸಾಮರ್ಥ್ಯ ಬೇರೆ, ನಮ್ಮ ಕೆಲಸದ ಅಗತ್ಯ ಬೇರೆ. ಅವನ ಮೊದಲನೆಯ ಕೆಲಸ ನಕ್ಷೆ. 240 ಕೊಕ್ಕೆಗಳ ಜಕಾರ್ಡಿನಲ್ಲಿ 400 ಪಟ್ಟಿಗಳ ಒಂದು ಸೆರಗನ್ನು ಊಹಿಸಿಕೊಳ್ಳಿರಿ. ಪ್ರತಿಯೊಂದು ಪಟ್ಟಿಯೂ ಒಂದು ಹೊಕ್ಕಿನ ಎಳೆಗೆ ಸಂಬಂಧಿಸಿದುದು. 240ನ್ನು 400ರಿಂದ ಗುಣಿಸಿದರೆ 96,000 ಚೌಕಗಳು. ಪರದೆಯ 20 ಲಕ್ಷ ಬಿಂದುಗಳ ಮುಂದೆ ಇದು ಇಪ್ಪತ್ತರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ! ಅದೂ ಸೆಕೆಂಡಿಗೆ 60 ಸಲ ಬದಲಾಗುವ ಚಿತ್ರವಲ್ಲ. ಬರೆದವನು ಒಂದು ಚೌಕವನ್ನು ತಿದ್ದಿದಾಗ ಮಾತ್ರ ಬದಲಾಗುವಂತಹುದು. ಇದಕ್ಕೆ ಹಳೆಯ ಕಾರ್ಡೇ ಹೆಚ್ಚಾಯಿತು; ಕಾರ್ಡೇ ಇಲ್ಲದೆ ಮುಖ್ಯ ಸಂಸ್ಕಾರಕದೊಳಗೆ ಅಡಕವಾದ ಚಿತ್ರಭಾಗವಾದರೂ ಸಾಕು.

ಇಲ್ಲಿ ಜೀನ್ ಆಮ್ಡಾಲನು 1967ರಲ್ಲಿ ಮಂಡಿಸಿದ ವಾದವನ್ನು ವಿದ್ಯಾರ್ಥಿಗಳು ನೆನಪಿಡತಕ್ಕದ್ದು. ಕೆಲಸದ ಒಂದು ಭಾಗವನ್ನು ಎಷ್ಟೇ ಚುರುಕುಗೊಳಿಸಿದರೂ ಉಳಿದ ಭಾಗವು ಇದ್ದಷ್ಟೇ ಕಾಲವನ್ನು ತೆಗೆದುಕೊಳ್ಳುವುದು. ಒಂದು ನಕ್ಷೆಗೆ ಒಂದು ಗಂಟೆ ಹಿಡಿಯುವುದೆನ್ನಿರಿ; ಅದರಲ್ಲಿ 45 ನಿಮಿಷ ಮನುಷ್ಯನು ಗೆರೆ ಎಳೆದು ತಿದ್ದಲು, 9 ನಿಮಿಷ ಮುಖ್ಯ ಸಂಸ್ಕಾರಕಕ್ಕೆ, 6 ನಿಮಿಷ ಕಾರ್ಡಿಗೆ. ಕಾರ್ಡು 24 ಪಟ್ಟು ಚುರುಕಾದರೆ ಆ 6 ನಿಮಿಷ ಕಾಲು ನಿಮಿಷವಾಗುವುದು. ಒಟ್ಟು ಕಾಲ 60 ನಿಮಿಷದಿಂದ 54¼ ನಿಮಿಷಕ್ಕೆ ಇಳಿಯಿತು, ಅಷ್ಟೆ. ಎರಡು ಲಕ್ಷ ಕೊಟ್ಟು ಕೊಂಡುದು ಒಂದು ಗಂಟೆಯಲ್ಲಿ ಆರು ನಿಮಿಷಕ್ಕೂ ಕಡಿಮೆ. ಅದೇ ಹತ್ತು ನಿಮಿಷದ ಕೆಲಸದಲ್ಲಿ ಒಂಬತ್ತು ನಿಮಿಷ ಕಾರ್ಡಿನದೇ ಆಗಿದ್ದರೆ ಒಟ್ಟು ಕಾಲ 1.4 ನಿಮಿಷಕ್ಕೆ ಇಳಿದು, ಏಳು ಪಟ್ಟು ಲಾಭವಾಗುವುದು. ಆದುದರಿಂದ ಮೊದಲು ಅಳೆಯಬೇಕಾದುದು ಕಾರ್ಡಿನ ವೇಗವನ್ನಲ್ಲ; ನಮ್ಮ ಕೆಲಸದಲ್ಲಿ ಅದರ ಪಾಲನ್ನು.

ಆಟಗಳ ವಿಷಯವನ್ನು ಬೇಗ ಮುಗಿಸಬಹುದು. ಸೆಕೆಂಡಿಗೆ 60 ಸಲ ಮಾತ್ರ ಬದಲಾಗುವ ಪರದೆಗೆ 200 ಚಿತ್ರಗಳನ್ನು ಸಿದ್ಧಪಡಿಸಿ ಒಪ್ಪಿಸಿದರೂ ಕಣ್ಣಿಗೆ ಕಾಣುವುದು 60 ಮಾತ್ರ. ಅಡಚಣೆ ಎಲ್ಲಿದೆಯೆಂದು ತಿಳಿಯಲು ಒಂದು ಸುಲಭ ಪ್ರಯೋಗವುಂಟು: ಆಟದಲ್ಲಿ ಬಿಂದುಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ ನೋಡಿರಿ. ಚಿತ್ರಗಳ ವೇಗ ಚೆನ್ನಾಗಿ ಏರಿದರೆ ಕಾರ್ಡು ಏದುಸಿರು ಬಿಡುತ್ತಿದೆ ಎಂದರ್ಥ. ಏರದಿದ್ದರೆ ದೋಷ ಬಹುಶಃ ಮುಖ್ಯ ಸಂಸ್ಕಾರಕದಲ್ಲಿದೆ. ಹೊಸ ಕಾರ್ಡು ಬಂದರೂ ಅದು ಕೈಕಟ್ಟಿ ಕುಳಿತಿರುವುದು.

ಕೃತಕ ಬುದ್ಧಿಮತ್ತೆಯ ಕತೆ ಬೇರೆ. ಅಲ್ಲಿ ಅಗತ್ಯವಾದುದು ಮೊದಲು ಸ್ಮೃತಿ, ಆಮೇಲೆ ವೇಗ. 700 ಕೋಟಿ ಸಂಖ್ಯೆಗಳಿಂದಾದ ಒಂದು ಮಾದರಿಯಲ್ಲಿ ಪ್ರತಿಯೊಂದು ಸಂಖ್ಯೆಗೂ 2 ಬೈಟ್ ಹಿಡಿದರೆ 14 ಗಿಗಾಬೈಟ್ ಬೇಕು. 6 ಗಿಗಾಬೈಟಿನ ಕಾರ್ಡಿನಲ್ಲಿ ಅದು ಹಿಡಿಸುವುದೇ ಇಲ್ಲ. ಸಂಖ್ಯೆಯ ನಿಖರತೆಯನ್ನು ತಗ್ಗಿಸಿ ಅರ್ಧ ಬೈಟಿಗೆ ಅದುಮಿದರೆ 3.5 ಗಿಗಾಬೈಟಿನಲ್ಲಿ ಕೂರುವುದು. ಇದಲ್ಲದೆ ಇಂತಹ ಗಣಿತಕ್ಕೆಂದೇ ಇರುವ ವಿಶೇಷ ಘಟಕಗಳು ಈ ಕಂಪನಿಯ ಆಟದ ಕಾರ್ಡುಗಳಲ್ಲಿ ಕಾಣಿಸಿಕೊಂಡುದು 2018ರಿಂದೀಚೆಗೆ. ಹಳೆಯ 10ರ ಸರಣಿಗೆ ಹೊಸ ಆಟಗಳಿಗಾಗಿ ಬರುತ್ತಿದ್ದ ಪೋಷಕ ತಂತ್ರಾಂಶವೂ 2025ರ ಅಕ್ಟೋಬರಿಗೆ ನಿಂತಿತು. ಆದ್ದರಿಂದ ಹುಡುಗನ ಹಂಬಲಕ್ಕೆ ಆಧಾರವಿಲ್ಲದಿಲ್ಲ. ಪ್ರಶ್ನೆ ಇರುವುದು ಅತ್ಯುನ್ನತ ಕಾರ್ಡೇ ಬೇಕೆ ಎಂಬಲ್ಲಿ. 2025ರ ಏಪ್ರಿಲಿನಲ್ಲಿ ಬಂದ ಆರ್‌ಟಿಎಕ್ಸ್ 5060 ಟಿಐ ಎಂಬುದರ ಒಂದು ಮಾದರಿಗೆ 16 ಗಿಗಾಬೈಟ್ ಸ್ಮೃತಿಯುಂಟು. ಸೇವನೆ 180 ವಾಟ್. ಬಿಡುಗಡೆಯಾದಾಗ ಅಮೆರಿಕದಲ್ಲಿ ಇದರ ಬೆಲೆ 429 ಡಾಲರ್, 5090ರ ಬೆಲೆ 1,999 ಡಾಲರ್. ಮೇಲೆ ಹೇಳಿದ 14 ಗಿಗಾಬೈಟಿನ ಮಾದರಿ ಇದರಲ್ಲಿ, ಸ್ವಲ್ಪ ಇಕ್ಕಟ್ಟಾದರೂ, ಕೂರುವುದು.

ಈಗ ನಮ್ಮ ಭೌತಶಾಸ್ತ್ರಕ್ಕೆ ಪ್ರಿಯವಾದ ವಿಷಯಕ್ಕೆ ಬರೋಣ. ಕಾರ್ಡು ಸೇವಿಸಿದ ವಿದ್ಯುಚ್ಛಕ್ತಿಯೆಲ್ಲವೂ ಕೊನೆಗೆ ಉಷ್ಣವಾಗಿಯೇ ಹೊರಬೀಳುತ್ತದೆ. ಸ್ವಿಚ್ಚಿನಂತೆ ವರ್ತಿಸುವ ಟ್ರಾನ್ಸಿಸ್ಟರುಗಳು, ಈ ಹೊಸ ಚಿಪ್ಪಿನಲ್ಲಿ 9,220 ಕೋಟಿ, ಪ್ರತಿ ಸಲ ತೆರೆದು ಮುಚ್ಚುವಾಗಲೂ ಅಷ್ಟಿಷ್ಟು ವಿದ್ಯುದಾವೇಶವನ್ನು ತುಂಬಿ ಚೆಲ್ಲುತ್ತವೆ. ಇದರಿಂದಾಗುವ ವ್ಯಯವು ವೋಲ್ಟೇಜಿನ ವರ್ಗಕ್ಕೂ ಆವರ್ತಾಂಕಕ್ಕೂ ಅನುಪಾತದಲ್ಲಿರುವುದು. ವೋಲ್ಟೇಜನ್ನೂ ಆವರ್ತಾಂಕವನ್ನೂ ಶೇಕಡಾ 10ರಷ್ಟು ಇಳಿಸಿದರೆ ವ್ಯಯವು 0.9ರ ಘನಕ್ಕೆ, ಎಂದರೆ 0.73ಕ್ಕೆ ಇಳಿಯುವುದು. ವೇಗದಲ್ಲಿ ಹತ್ತರಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟವನಿಗೆ ಉಷ್ಣದಲ್ಲಿ ಕಾಲು ಪಾಲಿಗೂ ಮಿಕ್ಕ ಉಳಿತಾಯ! ಬೇಸಿಗೆಯಲ್ಲಿ ಯಾರಾದರೂ ಮಾಡಿನೋಡಬಹುದಾದ ತಿದ್ದುಪಡಿ ಇದು.

ಬೇಸಿಗೆಯ ಮಾತು ಸುಮ್ಮನೆ ಬಂದುದಲ್ಲ. ಏಪ್ರಿಲ್-ಮೇ ತಿಂಗಳುಗಳಲ್ಲಿ ನಮ್ಮ ಕಡೆ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಏರುವುದು. ಹತ್ತು ಅಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ ಸುಮಾರು 30 ಕಿಲೋಗ್ರಾಂ ಗಾಳಿಯಿರುವುದು. ಅದನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 30,000 ಜೂಲ್ ಬೇಕು. 575 ವಾಟಿನ ಕಾರ್ಡು ಇಷ್ಟನ್ನು 52 ಸೆಕೆಂಡುಗಳಲ್ಲಿ ಒದಗಿಸುತ್ತದೆ. ಗೋಡೆಗಳು ಹೀರಿಕೊಳ್ಳದೆ, ಬಾಗಿಲು ಮುಚ್ಚಿದ್ದರೆ, ಹತ್ತು ನಿಮಿಷದಲ್ಲಿ ಕೋಣೆ ಹನ್ನೊಂದು ಡಿಗ್ರಿ ಏರಬೇಕು. ವಾಸ್ತವದಲ್ಲಿ ಗೋಡೆಗಳು ಬಹುಪಾಲನ್ನು ಹೀರುತ್ತವೆ, ನಿಜ. ಆದರೆ ಮಧ್ಯಾಹ್ನ ಮೂರು ಗಂಟೆಗೆ ಆ ಗೋಡೆಗಳೇ ಕಾದಿರುತ್ತವಲ್ಲ! ಕಾರ್ಡಿನ ಚಿಪ್ಪು ಸುತ್ತಲಿನ ಗಾಳಿಗಿಂತ 50 ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲಸ ಮಾಡುತ್ತಿದ್ದರೆ, 25 ಡಿಗ್ರಿಯ ಕೋಣೆಯಲ್ಲಿ 75ರಲ್ಲಿ ನಿಲ್ಲುವುದು, 40 ಡಿಗ್ರಿಯ ಕೋಣೆಯಲ್ಲಿ 90ಕ್ಕೆ ಮುಟ್ಟುವುದು. ಆ ಮಟ್ಟದಲ್ಲಿ ಚಿಪ್ಪು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುವುದು. ಪೂರ್ಣ ಬೆಲೆ ತೆತ್ತು ಕೊಂಡ ವೇಗವು ಬೇಸಿಗೆಯಲ್ಲಿ ಪೂರ್ಣವಾಗಿ ಕೈಗೆ ಬರಲಾರದು.

ವಿದ್ಯುತ್ ಸಂಪರ್ಕವೂ ಯೋಚಿಸತಕ್ಕ ವಿಷಯ. ಕಾರ್ಡಿಗೆ ಒದಗುವುದು 12 ವೋಲ್ಟ್. 575ನ್ನು 12ರಿಂದ ಭಾಗಿಸಿದರೆ 48 ಆಂಪಿಯರ್. ಈ ಪ್ರವಾಹವು ಬಹುಮಟ್ಟಿಗೆ ಆರು ಸಣ್ಣ ಸೂಜಿಗಳ ಮೂಲಕ, ಒಂದೊಂದರಲ್ಲಿ 8 ಆಂಪಿಯರಿನಂತೆ ಹರಿಯುವುದು. ಎರಡು ಸೂಜಿಗಳು ಸರಿಯಾಗಿ ಕೂರದಿದ್ದರೆ ಉಳಿದ ನಾಲ್ಕರಲ್ಲಿ 12 ಆಂಪಿಯರ್. ಉಷ್ಣವು ಪ್ರವಾಹದ ವರ್ಗಕ್ಕೆ ಅನುಪಾತವಾದುದರಿಂದ ಆ ಸೂಜಿಗಳು 2.25 ಪಟ್ಟು ಕಾಯುವುವು. 2022ರಲ್ಲಿ ಹಿಂದಿನ ಪೀಳಿಗೆಯ 4090 ಕಾರ್ಡುಗಳ ಸಂಪರ್ಕಗಳು ಕರಗಿದ ವರದಿಗಳು ಬಂದಾಗ, ತುದಿಯು ಪೂರ್ತಿಯಾಗಿ ಒಳಗೆ ಕೂರದಿದ್ದುದೇ ಸಾಮಾನ್ಯವಾಗಿ ಕಂಡ ಕಾರಣವೆಂದು ಕಂಪನಿಯು ತಿಳಿಸಿತು. ಇದಲ್ಲದೆ ಕಂಪನಿಯು 5090ಕ್ಕೆ 1,000 ವಾಟಿನ ಎಸ್‌ಎಂಪಿಎಸ್ ಬೇಕೆಂದು ಸೂಚಿಸುತ್ತದೆ. ಹುಡುಗನ ಯಂತ್ರದಲ್ಲಿದ್ದುದು 450 ವಾಟಿನದು. ಅದನ್ನೂ, ಕರೆಂಟು ಹೋದಾಗ ಕೈಹಿಡಿಯುವ ಚಿಕ್ಕ ಯುಪಿಎಸ್ಸನ್ನೂ ಬದಲಿಸದೆ ಗತ್ಯಂತರವಿಲ್ಲ. ದಿನಕ್ಕೆ ನಾಲ್ಕು ಗಂಟೆ ಪೂರ್ಣ ಹೊರೆಯಲ್ಲಿ, ಇಡೀ ಯಂತ್ರಕ್ಕೆ 800 ವಾಟಿನ ಲೆಕ್ಕದಲ್ಲಿ, ತಿಂಗಳಿಗೆ 96 ಯೂನಿಟ್ ಆಗುವುದು. ಹಳೆಯ ಯಂತ್ರಕ್ಕೆ 220 ವಾಟಿನಂತೆ ಸುಮಾರು 26.

ಈ ಲೆಕ್ಕಗಳನ್ನೆಲ್ಲ ಕಾಗದದ ಮೇಲೆ ಬರೆದುಕೊಟ್ಟ ಮೇಲೆ, ಒಂದು ಭಾನುವಾರ ನಾವೇ ಬನಹಟ್ಟಿಗೆ ಹೋಗಿ ಅವನ ಯಂತ್ರವನ್ನು ನೋಡಿದೆವು. ಅದು ಮಗ್ಗದ ಕೋಣೆಯ ಮಗ್ಗುಲಲ್ಲಿಯೇ ಇದ್ದಿತು. ಪಕ್ಕದ ಮುಚ್ಚಳವನ್ನು ಬಿಚ್ಚಿದಾಗ ಕಾರ್ಡಿನ ಪಂಖಗಳ ಹಿಂದೆ, ಉಷ್ಣವನ್ನು ಹೊರಸಾಗಿಸುವ ಲೋಹದ ರೆಕ್ಕೆಗಳ ನಡುವೆ, ನೂಲಿನ ನವಿರಾದ ಎಳೆಗಳು ಬೂದುಬಣ್ಣದ ಕಂಬಳಿಯಂತೆ ಹೆಣೆದುಕೊಂಡಿದ್ದುವು. ಗಾಳಿ ಹಾಯಲು ಸಂದೇ ಇರಲಿಲ್ಲ. ಅವನ ತಂದೆಯವರು ಬಗ್ಗಿ ನೋಡಿ, "ಇದರಾಗೂ ಒಂದ್ ಮಗ್ಗ ನಡದೈತಿ ನೋಡ್ರಿ" ಎಂದು ನಕ್ಕರು. ಮೆತ್ತನೆಯ ಕುಂಚದಿಂದಲೂ ಗಾಳಿಯೂದುವ ಯಂತ್ರದಿಂದಲೂ, ಪಂಖಗಳು ತಿರುಗದಂತೆ ಬೆರಳಿನಿಂದ ಹಿಡಿದು, ಅದನ್ನೆಲ್ಲ ತೆಗೆಯಲು ಅರ್ಧ ಗಂಟೆ ಹಿಡಿಯಿತು. ಚಿಪ್ಪಿಗೂ ಲೋಹಕ್ಕೂ ನಡುವೆ ಒಣಗಿಹೋಗಿದ್ದ ಉಷ್ಣವಾಹಕ ಲೇಪವನ್ನು ಒರೆಸಿ ಹೊಸದನ್ನು ಹಚ್ಚಿದೆವು. ಅದಾದ ಮೇಲೆ, ಆಟದ ನಡುವೆ ಯಂತ್ರವು ಹಠಾತ್ತನೆ ಮಂದವಾಗುತ್ತಿದ್ದುದು ನಿಂತಿತು.

ನಕ್ಷೆ ಹೊರಡಿಸುವ ಪ್ರಯೋಗಕ್ಕೆ ಅವನೀಗ ದೂರದ ಗಣಕಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುತ್ತಿದ್ದಾನೆ. ಗೂಗಲ್ ಕೊಲ್ಯಾಬಿನಂತಹ ಸೇವೆಯಲ್ಲಿ ಬೆಲೆಯಿಲ್ಲದೆಯೂ ಸ್ವಲ್ಪ ಹೊತ್ತು ಇಂತಹ ಕಾರ್ಡು ದೊರೆಯುವುದುಂಟು, ಬೇಕೆಂದಾಗಲೆಲ್ಲ ಸಿಕ್ಕೇ ಸಿಗುವುದೆಂಬ ಖಾತ್ರಿಯಿಲ್ಲ. ತಿಂಗಳಿಗೆ ಎಷ್ಟು ಗಂಟೆ ಬಳಸಿದೆ, ಎಷ್ಟು ಸ್ಮೃತಿ ತುಂಬಿತು, ಹೊರಟ ನಕ್ಷೆಗಳಲ್ಲಿ ಮಗ್ಗದವರು ಎಷ್ಟನ್ನು ಒಪ್ಪಿಕೊಂಡರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವಂತೆ ಹೇಳಿದ್ದೇವೆ. ದೀಪಾವಳಿಯ ಹೊತ್ತಿಗೆ ಆ ಪುಸ್ತಕವನ್ನು ತರುವುದಾಗಿ ಒಪ್ಪಿದ್ದಾನೆ. 16 ಗಿಗಾಬೈಟಿನ ಕಾರ್ಡು ಬೇಕೇ ಬೇಡವೇ ಎಂಬುದನ್ನು ಅಂದು ಕೂಡಿ ನೋಡುವೆವು. ಮಗ್ಗದ ಹಣಕ್ಕೆ ಇನ್ನೂ ಯಾರೂ ಕೈಹಾಕಿಲ್ಲ.