ಜೀವಕೋಶಕ್ಕೆ ಕೊಬ್ಬಿನ ಲಕೋಟೆ

“ಸಾರ್, ವಂಶವಾಹಿಯಲ್ಲಿ ಎಲ್ಲಿ ತಪ್ಪಾಗಿದೆ ಅಂತ ಗೊತ್ತಾದ ಮೇಲೆ ತಿದ್ದಲಿಕ್ಕೆ ಏನು ಕಷ್ಟ?” ಹತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು. ತಿದ್ದುವ ಸಾಧನ ಈಗ ನಮ್ಮ ಕೈಯಲ್ಲಿದೆ. ಅದನ್ನು ಜೀವಕೋಶದ ಒಳಕ್ಕೆ ಮುಟ್ಟಿಸುವುದೇ ದೊಡ್ಡ ಕಷ್ಟ.

‘ಕ್ರಿಸ್ಪರ್’ ಎಂಬ ಸಾಧನವನ್ನು 2012ರಲ್ಲಿ ಲೋಕಕ್ಕೆ ತೋರಿಸಿದ ಎಮ್ಯಾನುಯೆಲ್ ಷಾರ್ಪೆಂಟಿಯೇ ಮತ್ತು ಜೆನಿಫರ್ ಡೌಡ್ನಾ ಅವರಿಗೆ 2020ರ ರಸಾಯನಶಾಸ್ತ್ರ ನೊಬೆಲ್ ಬಂತು. ಆದರೆ ಅದನ್ನು ಹಾಗೆಯೇ ರಕ್ತಕ್ಕೆ ಚುಚ್ಚಿದರೆ ಕಿಣ್ವಗಳು ಅರಗಿಸಿಬಿಡುತ್ತವೆ. ಉಳಿದರೂ ಕೋಶದ ಪೊರೆ ಒಳಗೆ ಬಿಡುವುದಿಲ್ಲ.

ಕ್ರಿಸ್ಪರ್ ಬರುವುದಕ್ಕೆ ಮೊದಲೇ, ಹೊಸ ವಂಶವಾಹಿಯನ್ನು ಒಳಗೆ ಸೇರಿಸಲು ವಿಜ್ಞಾನಿಗಳು ವೈರಸ್ಸಿನ ಮೊರೆ ಹೋಗಿದ್ದರು. ಕೋಶದೊಳಗೆ ನುಗ್ಗುವುದು ಅದರ ಹುಟ್ಟುಗುಣ. ಆದರೆ ನಮ್ಮ ದೇಹದ ಕಾವಲುಪಡೆಗೆ ವೈರಸ್ ಹಳೆಯ ವೈರಿ. 1999ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಇಂಥ ಪ್ರಯೋಗಕ್ಕೆ ಒಳಗಾದ 18 ವರ್ಷದ ಜೆಸ್ಸಿ ಗೆಲ್ಸಿಂಗರ್ ನಾಲ್ಕೇ ದಿನಗಳಲ್ಲಿ ತೀರಿಕೊಂಡ. ಅಮೋನಿಯಾವನ್ನು ಯೂರಿಯಾ ಆಗಿಸುವ ಕಿಣ್ವಗಳಲ್ಲಿ ಒಂದು ಅವನ ಪಿತ್ತಜನಕಾಂಗದಲ್ಲಿ ಕಡಿಮೆ ಇತ್ತು. ಆ ಸಾವು ಈ ಕ್ಷೇತ್ರವನ್ನೇ ವರ್ಷಗಟ್ಟಲೆ ಹಿಂದಕ್ಕೆ ತಳ್ಳಿತು.

ಇನ್ನೊಂದು ದಾರಿ ಕೊಬ್ಬಿನದು. ಮಿಲಿಮೀಟರಿನ ಸುಮಾರು ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಪುಟ್ಟದಾದ ಕೊಬ್ಬಿನ ಗುಳಿಗೆಯೊಳಗೆ ಸಾಧನವನ್ನು ಇಡುವುದಿಲ್ಲ. ಅದನ್ನು ತಯಾರಿಸುವ ಬರಹವನ್ನು, ಅಂದರೆ ಎಂ-ಆರ್‌ಎನ್‌ಎಯನ್ನು, ಇಡುತ್ತಾರೆ. ಎಲ್ಲಿ ತಿದ್ದಬೇಕೆಂದು ತೋರಿಸುವ ಇನ್ನೊಂದು ಆರ್‌ಎನ್‌ಎ ಜೊತೆಗಿರುತ್ತದೆ. ರಕ್ತದಲ್ಲಿ ಈ ಗುಳಿಗೆಗೆ ಒಂದು ಪ್ರೋಟೀನು ಅಂಟಿಕೊಳ್ಳುತ್ತದೆ. ಪಿತ್ತಜನಕಾಂಗದ ಕೋಶಗಳು ಅದನ್ನು ಗುರುತಿಸಿ, ಆಹಾರದ ಕೊಬ್ಬೆಂದೇ ಬಗೆದು ಒಳಗೆ ಎಳೆದುಕೊಳ್ಳುತ್ತವೆ. ಒಳಗಿನ ಆಮ್ಲೀಯ ಚೀಲದಲ್ಲಿ ಗುಳಿಗೆ ಬಿಚ್ಚಿಕೊಳ್ಳುತ್ತದೆ. ಕೋಶವೇ ಬರಹವನ್ನು ಓದಿ ಸಾಧನ ತಯಾರಿಸುತ್ತದೆ, ತಪ್ಪಕ್ಷರ ತಿದ್ದಲ್ಪಡುತ್ತದೆ. ಕೆಲ ದಿನಗಳಲ್ಲಿ ಬರಹ ಕರಗಿಹೋಗುತ್ತದೆ. ತಿದ್ದುಪಡಿ ಮಾತ್ರ ಉಳಿಯುತ್ತದೆ.

2025ರಲ್ಲಿ ಅದೇ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಕೆ.ಜೆ. ಎಂಬ ಹಸುಗೂಸಿಗೆ ಈ ಚಿಕಿತ್ಸೆ ದೊರೆಯಿತು. ಅವನದೂ ಅಮೋನಿಯಾ ರೋಗವೇ, ಕೊರತೆಯಿದ್ದ ಕಿಣ್ವ ಮಾತ್ರ ಬೇರೆ. ರೆಬೆಕಾ ಅಹ್ರೆನ್ಸ್-ನಿಕ್ಲಾಸ್ ಮತ್ತು ಕಿರಣ್ ಮುಸುನೂರು ಅವರ ತಂಡ ಅವನೊಬ್ಬನಿಗಾಗಿಯೇ ಔಷಧ ತಯಾರಿಸಿ, ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮೂರು ಸಲ ಕೊಟ್ಟಿತು. ವೈರಸ್ಸಾಗಿದ್ದರೆ ದೇಹ ಎರಡನೇ ಸಲಕ್ಕೆ ಸುಲಭವಾಗಿ ಒಪ್ಪುತ್ತಿರಲಿಲ್ಲ. ಮಗು ಹೆಚ್ಚು ಪ್ರೋಟೀನು ಅರಗಿಸಿಕೊಳ್ಳತೊಡಗಿತು, ಔಷಧದ ಪ್ರಮಾಣ ತಗ್ಗಿತು, ಜೂನ್‌ನಲ್ಲಿ ಮನೆಗೆ ಹೋಯಿತು. ಪೂರ್ತಿ ಗುಣವಾಯಿತೆಂದು ವೈದ್ಯರು ಹೇಳಿಲ್ಲ. ಅವನ ಮೇಲೆ ವರ್ಷಗಟ್ಟಲೆ ನಿಗಾ ಇಡಬೇಕು.

ತಂದೆತಾಯಂದಿರು ಒಂದು ಮಾತು ನೆನಪಿಡಬೇಕು. ಕೊಬ್ಬಿನ ಲಕೋಟೆ ಸಲೀಸಾಗಿ ತಲುಪುವುದು ಪಿತ್ತಜನಕಾಂಗಕ್ಕೆ ಮಾತ್ರ. ಮಿದುಳು, ಸ್ನಾಯುಗಳಿಗೆ ಹಾಗೆ ತಲುಪಿಸುವುದು ಇನ್ನೂ ಬಲು ಕಷ್ಟ. ಹಾಗಾಗಿ ಎಲ್ಲ ಆನುವಂಶಿಕ ರೋಗಕ್ಕೂ ಮದ್ದು ಸಿಕ್ಕಿತೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟೆ: “ಕಾಗದ ಬರೆಯಲು ಕಲಿತಿದ್ದೇವೆ, ಒಂದು ಮನೆಯ ವಿಳಾಸವೂ ಸಿಕ್ಕಿದೆ. ಉಳಿದ ಮನೆಗಳನ್ನು ಹುಡುಕುವ ಕೆಲಸ ನಿಮ್ಮ ಪಾಲಿಗಿದೆಯಮ್ಮ.”