ಅರಣ್ಯಾಧಿಕಾರಿಗೆ ಭೌತಶಾಸ್ತ್ರವೇಕೆ?

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಲ್ಲಿ ವಾಸಿಸುವ ನಮ್ಮಂತಹವರಿಗೆ ಕಾಡೆಂದರೆ ರಜೆಯಲ್ಲಿ ನೋಡಲು ಹೋಗುವ ದೂರದ ಸ್ಥಳ. ಆದರೆ ಮೈಸೂರು ರಸ್ತೆಯಲ್ಲಿ ಸಾಗಿ, ಕೆಂಗೇರಿಯ ಬಳಿ ಎಡಕ್ಕೆ ಹೊರಳಿದರೆ ಸ್ವಲ್ಪ ದೂರದಲ್ಲೇ ತುರಹಳ್ಳಿಯ ಕಾಡು ಇದೆ. 2022ರ ಡಿಸೆಂಬರಿನಲ್ಲಿ ಆ ಕಡೆಯ ಬಡಾವಣೆಗಳ ಜನ ಚಿರತೆಯನ್ನು ಕಂಡು ಕೆಲವು ದಿನ ಸಂಜೆಯ ಮೇಲೆ ಹೊರಗೆ ಹೊರಡಲು ಹೆದರಿದರು. ಕಾಡಿಗೂ ನಗರಕ್ಕೂ ನಡುವೆ ನಾವು ಎಣಿಸಿರುವಷ್ಟು ಅಂತರವಿಲ್ಲ.

ಆ ಕೆಂಗೇರಿಯಿಂದಲೇ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಒಂದು ದಿನ ಕಾಲೇಜಿಗೆ ಬಂದ. ಬಿ.ಎಸ್‌ಸಿ. ಮುಗಿಸಿ ಎರಡು ವರ್ಷವಾಗಿತ್ತು. ವಲಯ ಅರಣ್ಯಾಧಿಕಾರಿಯ ಹುದ್ದೆಗೆ ಅರ್ಜಿ ಹಾಕಬೇಕೆಂದು ನಿಶ್ಚಯಿಸಿ, ದಿನವೂ ನಸುಕಿನಲ್ಲೆದ್ದು ನಡಿಗೆಯ ಅಭ್ಯಾಸ ಮಾಡುತ್ತಿದ್ದ. “ಸಾರ್, ನಡೆಯುವುದಕ್ಕೆ ಕಾಲು ಸಾಕು. ನೀವು ಮೂರು ವರ್ಷ ಹೇಳಿಕೊಟ್ಟ ಭೌತಶಾಸ್ತ್ರ ಅಲ್ಲಿ ಯಾವ ಉಪಯೋಗಕ್ಕೆ ಬರುತ್ತದೆ?” ಎಂದು ಕೇಳಿದ. ಪ್ರಶ್ನೆಯಲ್ಲಿ ಸ್ವಲ್ಪ ಕುಚೋದ್ಯವಿತ್ತು. ಆದರೆ ಅದಕ್ಕೆ ಉತ್ತರ ಹುಡುಕಹೊರಟ ನಮಗೆ, ಕೊನೆಯಲ್ಲಿ ನಮ್ಮ ತಪ್ಪೊಂದು ನಮ್ಮ ಕಣ್ಣಿಗೇ ಬಿತ್ತು. ಆ ಉತ್ತರವನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಹುದ್ದೆ ಎಂತಹುದು?

ಅರಣ್ಯ ಇಲಾಖೆಯಲ್ಲಿ ಕಾಡನ್ನು ಗಸ್ತು, ಶಾಖೆ, ವಲಯ, ಉಪವಿಭಾಗ, ವಿಭಾಗ ಎಂದು ಭಾಗಮಾಡಿದ್ದಾರೆ. ಗಸ್ತಿನಲ್ಲಿ ನಡೆಯುವವನು ಅರಣ್ಯ ಪಾಲಕ. ಅವನ ಮೇಲೆ ಉಪ ವಲಯ ಅರಣ್ಯಾಧಿಕಾರಿ, ಅವನ ಮೇಲೆ ವಲಯ ಅರಣ್ಯಾಧಿಕಾರಿ. ಇನ್ನೂ ಮೇಲೆ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ, ಉಪ ಅರಣ್ಯ ಸಂರಕ್ಷಣಾಧಿಕಾರಿ. ವಲಯಾಧಿಕಾರಿಯು ತಾನೂ ಕಾಡಿನಲ್ಲಿ ನಡೆಯಬೇಕು, ನಡೆಯುವವರ ಕೆಲಸವನ್ನೂ ನೋಡಿಕೊಳ್ಳಬೇಕು. ಮರಗಳ್ಳತನ, ಬೇಟೆ, ಒತ್ತುವರಿ, ಕಾಡ್ಗಿಚ್ಚು, ಬೆಳೆಗೆ ನುಗ್ಗುವ ಆನೆ, ಇವೆಲ್ಲದರ ಹೊಣೆ ಮೊದಲು ಬೀಳುವುದು ಅವನ ಅಥವಾ ಅವಳ ಮೇಲೆ.

ಈ ಹೊಣೆ ನಮ್ಮ ರಾಜ್ಯದಲ್ಲಿ ಸಣ್ಣದಲ್ಲ. ಆನೆಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶದಲ್ಲೇ ಮೊದಲನೆಯದು. 2022ರ ಅಂದಾಜಿನಂತೆ ಹುಲಿಗಳು 563. ಇದರಲ್ಲಿ ಮಧ್ಯಪ್ರದೇಶದ ಅನಂತರ ನಮ್ಮದು ಎರಡನೆಯ ಸ್ಥಾನ. ಕೆಲಸದ ಅಪಾಯವೂ ಕಡಿಮೆಯದಲ್ಲ. ವೀರಪ್ಪನ್‌ನನ್ನು ಶರಣಾಗತಿಗೆ ಒಪ್ಪಿಸಲು ಹೊರಟ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ 1991ರ ನವೆಂಬರಿನಲ್ಲಿ ಅವನ ಕೈಯಲ್ಲೇ ಹತರಾದರು. ಅವರಿಗೆ ಮರಣೋತ್ತರವಾಗಿ ಕೀರ್ತಿ ಚಕ್ರ ಸಂದಿತು.

ವಲಯಾಧಿಕಾರಿಯ ಹುದ್ದೆಗಳಲ್ಲಿ ಒಂದು ಪಾಲು ಅರಣ್ಯಶಾಸ್ತ್ರದ ಪದವೀಧರರಿಗೆ ಮೀಸಲು. ಪೊನ್ನಂಪೇಟೆ ಮತ್ತು ಶಿರಸಿಗಳಲ್ಲಿ ಆ ಶಾಸ್ತ್ರದ ಕಾಲೇಜುಗಳಿವೆ. ವಿಜ್ಞಾನ ಮತ್ತು ಎಂಜಿನಿಯರಿಂಗ್ ಪದವೀಧರರಿಗೂ ಅವಕಾಶವುಂಟು. ಈ ಪಾಲುಗಳು ಕಾಲಕಾಲಕ್ಕೆ ಬದಲಾಗಿವೆ. ಆದುದರಿಂದ ಅರ್ಜಿದಾರನು ಗೆಳೆಯರ ಮಾತನ್ನೂ ತರಬೇತಿ ಕೇಂದ್ರಗಳ ಕರಪತ್ರವನ್ನೂ ನಂಬದೆ, ಸರ್ಕಾರದ ಅಧಿಸೂಚನೆಯನ್ನೇ ಮೊದಲಿನಿಂದ ಕೊನೆಯವರೆಗೆ ಓದಬೇಕು. ಗ್ರಾಮೀಣ ಅಭ್ಯರ್ಥಿ, ಕನ್ನಡ ಮಾಧ್ಯಮ, ಜಾತಿ ಮತ್ತು ಆದಾಯ, ಕಲ್ಯಾಣ ಕರ್ನಾಟಕದವರಿಗೆ 371-ಜೆ, ಇಂತಹ ಪ್ರಮಾಣಪತ್ರಗಳನ್ನು ಗೊತ್ತುಪಡಿಸಿದ ನಮೂನೆಯಲ್ಲಿ, ಗೊತ್ತುಪಡಿಸಿದ ದಿನದೊಳಗೆ ಪಡೆದಿರಬೇಕು. ಆಯ್ಕೆಯಾದವರಿಗೆ ಅನಂತರ ಸುದೀರ್ಘವಾದ ತರಬೇತಿ ಇರುತ್ತದೆ. ಇಲಾಖೆಗೆ ಧಾರವಾಡದ ಬಳಿ ತನ್ನದೇ ಆದ ಅರಣ್ಯ ಅಕಾಡೆಮಿ ಉಂಟು.

ಇಪ್ಪತ್ತೈದು ಕಿಲೋಮೀಟರಿನ ಲೆಕ್ಕ

ಮೊದಲು ಕಾಲಿನ ವಿಚಾರವನ್ನೇ ನೋಡೋಣ. ಭಾರತೀಯ ಅರಣ್ಯ ಸೇವೆಗೆ ಸೇರುವ ಪುರುಷರು 4 ಗಂಟೆಯಲ್ಲಿ 25 ಕಿಲೋಮೀಟರ್, ಮಹಿಳೆಯರು ಅಷ್ಟೇ ಹೊತ್ತಿನಲ್ಲಿ 14 ಕಿಲೋಮೀಟರ್ ನಡೆಯಬೇಕು. ರಾಜ್ಯದ ಹುದ್ದೆಗೂ ದೈಹಿಕ ಪರೀಕ್ಷೆ ಉಂಟು. ಅದರ ಅಳತೆಗಳು ಅಧಿಸೂಚನೆಯಲ್ಲಿರುತ್ತವೆ. ನಮ್ಮ ಶಿಷ್ಯ ದೊಡ್ಡ ಗುರಿಯನ್ನೇ ಇಟ್ಟುಕೊಂಡಿದ್ದ. 25 ಕಿಲೋಮೀಟರ್ ಎಂದರೆ ಕೆಂಗೇರಿಯಿಂದ ಮೆಜೆಸ್ಟಿಕ್‌ವರೆಗೆ ನಡೆದು, ಬಂದ ದಾರಿಯಲ್ಲಿ ಬಹುದೂರ ಹಿಂದಿರುಗಿದಷ್ಟು.

ವೇಗ ಗಂಟೆಗೆ 6.25 ಕಿಲೋಮೀಟರ್. ಒಂದು ಹೆಜ್ಜೆ 75 ಸೆಂಟಿಮೀಟರ್ ಎಂದರೆ ಒಟ್ಟು 33,000ಕ್ಕೂ ಮಿಕ್ಕ ಹೆಜ್ಜೆಗಳು. ನಿಮಿಷಕ್ಕೆ ಸುಮಾರು 139. ಆದರೆ ಸಾಧಾರಣ ನಡಿಗೆಯಲ್ಲಿ ನಾವು ನಿಮಿಷಕ್ಕೆ 100ರಿಂದ 120 ಹೆಜ್ಜೆ ಮಾತ್ರ ಇಡುತ್ತೇವೆ. ಇದಕ್ಕೇನು ಕಾರಣ? ಸೊಂಟದಿಂದ ತೂಗಾಡುವ ಕಾಲು ಒಂದು ಲೋಲಕ. ಪ್ರತಿಯೊಂದು ಲೋಲಕಕ್ಕೂ ಅದರ ಉದ್ದಕ್ಕೆ ತಕ್ಕ ಸಹಜವಾದ ಆಂದೋಲನ ಕಾಲವಿರುತ್ತದೆ. ಆ ಲಯದಲ್ಲಿ ನಡೆದಾಗ ಗುರುತ್ವವೇ ಕಾಲನ್ನು ಬಹುಪಾಲು ತೂಗುತ್ತದೆ. ಸ್ನಾಯುಗಳಿಗೆ ಕೆಲಸ ಕಡಿಮೆ. ಲಯವನ್ನು ಮೀರಿ ಅವಸರಪಡಿಸಿದರೆ ಪ್ರತಿ ಹೆಜ್ಜೆಗೂ ಸ್ನಾಯುಗಳೇ ಕಾಲನ್ನು ತಳ್ಳಬೇಕು, ತಡೆಯಬೇಕು. ಬಲುಬೇಗ ದಣಿವಾಗುವುದು ಇದರಿಂದಲೇ.

ಹೆಜ್ಜೆಯನ್ನು 85 ಸೆಂಟಿಮೀಟರಿಗೆ ಹಿಗ್ಗಿಸಿದರೆ ನಿಮಿಷಕ್ಕೆ ಸುಮಾರು 123 ಹೆಜ್ಜೆ ಸಾಕು. ಆದುದರಿಂದ ಅಭ್ಯಾಸದಲ್ಲಿ ಹೆಜ್ಜೆಗಳನ್ನು ಎಣಿಸಿ, ಉದ್ದವನ್ನು ಅಳೆದು, ಎರಡನ್ನೂ ಹದಕ್ಕೆ ತಂದುಕೊಳ್ಳುವುದು ಜಾಣತನ. ಎಲ್ಲರ ಕಾಲೂ ಅಷ್ಟು ಹಿಗ್ಗುವುದಿಲ್ಲ. ತನ್ನ ಕಾಲಿಗೆ ಒಗ್ಗುವುದೆಷ್ಟು ಎಂಬುದನ್ನು ವಾರಗಟ್ಟಲೆ ನಡೆದೇ ತಿಳಿಯಬೇಕು. ನಮ್ಮ ಶಿಷ್ಯ ಅದುವರೆಗೆ ಗಡಿಯಾರವನ್ನು ನೋಡಿ ಓಡುನಡಿಗೆಯಲ್ಲಿ ಹೋಗಿ, ಮಾರನೆಯ ದಿನ ಕಾಲುನೋವಿನಿಂದ ಮಲಗುತ್ತಿದ್ದನಂತೆ.

ಬೇಲಿಯ ವಿದ್ಯುತ್ತು

ಕಾಲಿನ ಕೆಲಸ ಇಲ್ಲಿಗೆ ಮುಗಿಯಿತು. ಹುದ್ದೆ ದೊರೆತ ಮೇಲಿನ ಒಂದು ದಿನವನ್ನು ಊಹಿಸಿಕೊಳ್ಳೋಣ. ಕಾಡಂಚಿನ ಹೊಲದಲ್ಲಿ ಆನೆಯೊಂದು ಸತ್ತುಬಿದ್ದಿದೆ ಎಂಬ ಸುದ್ದಿ ಬರುತ್ತದೆ. ಹೊಲದ ಸುತ್ತ ತಂತಿಯ ಬೇಲಿ. ಹೊಲದ ಒಡೆಯನು, “ಇದು ಸೋಲಾರ್ ಬೇಲಿ, ಇದರಿಂದ ಯಾವ ಪ್ರಾಣಿಯೂ ಸಾಯುವುದಿಲ್ಲ” ಎನ್ನುತ್ತಾನೆ. ಅವನ ಮಾತು ನಿಜವೆ? ವಿದ್ಯುತ್ ಆಘಾತವು ನಮ್ಮ ಆನೆಗಳ ಅಸಹಜ ಸಾವಿನ ಮುಖ್ಯ ಕಾರಣಗಳಲ್ಲೊಂದು. ಆದುದರಿಂದ ಇದು ಕೇವಲ ಕಲ್ಪನೆಯ ಪ್ರಶ್ನೆಯಲ್ಲ.

ನಿಯಮದಂತೆ ಕಟ್ಟಿದ ಸೋಲಾರ್ ಬೇಲಿಯಲ್ಲಿ ಹಲವು ಸಾವಿರ ವೋಲ್ಟಿನ ಒತ್ತಡವಿರುತ್ತದೆ. ಹೊಲಕ್ಕೆ ಎಳೆದ ಸಾಮಾನ್ಯ ಲೈನಿನಲ್ಲಿರುವುದು 230 ವೋಲ್ಟ್ ಮಾತ್ರ. ಹಾಗಾದರೆ ಹೆಚ್ಚು ವೋಲ್ಟಿನ ಬೇಲಿ ನಿರಪಾಯವಾಗಿ, ಕಡಿಮೆ ವೋಲ್ಟಿನ ತಂತಿ ಕೊಲ್ಲುವುದು ಹೇಗೆ? ಉತ್ತರವಿರುವುದು ಕಾಲದಲ್ಲಿ. ಬೇಲಿಯ ಯಂತ್ರವು ಒಂದು ಧಾರಕದಲ್ಲಿ ಸ್ವಲ್ಪ ಶಕ್ತಿಯನ್ನು ತುಂಬಿಕೊಂಡು, ಸುಮಾರು ಸೆಕೆಂಡಿಗೊಮ್ಮೆ ಒಂದು ಮಿಡಿತದಂತೆ ಹೊರಕ್ಕೆ ಬಿಡುತ್ತದೆ. ಉದಾಹರಣೆಗೆ 20 ಮೈಕ್ರೋಫ್ಯಾರಡ್ ಧಾರಕವನ್ನು 600 ವೋಲ್ಟಿಗೆ ತುಂಬಿದರೆ ಅದರಲ್ಲಿರುವ ಶಕ್ತಿ 3.6 ಜೌಲ್. ಪರಿವರ್ತಕವು ಅದರ ಒತ್ತಡವನ್ನು ಸಾವಿರಗಟ್ಟಲೆ ವೋಲ್ಟಿಗೆ ಏರಿಸಬಹುದು, ಶಕ್ತಿಯನ್ನು ಏರಿಸಲಾರದು. ಮಿಡಿತವು ಸೆಕೆಂಡಿನ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ ಕಾಲದಲ್ಲಿ ಮುಗಿದುಹೋಗುತ್ತದೆ. ಪ್ರಾಣಿಗೆ ಪೆಟ್ಟು ಬೀಳುತ್ತದೆ, ಆದರೆ ಹಿಂದೆ ಸರಿಯಲು ಬಿಡುವೂ ಸಿಗುತ್ತದೆ.

230 ವೋಲ್ಟಿನ ತಂತಿಯಲ್ಲಿ ಈ ಬಿಡುವಿಲ್ಲ. ಲೆಕ್ಕಕ್ಕಾಗಿ ದೇಹದ ರೋಧವನ್ನು 1,000 ಓಮ್ ಎಂದಿಟ್ಟುಕೊಂಡರೆ ಹರಿಯುವ ವಿದ್ಯುತ್ತು 0.23 ಆಂಪಿಯರ್, ದೇಹದೊಳಗೆ ಸೆಕೆಂಡಿಗೆ 53 ಜೌಲ್ ಶಕ್ತಿ ಎಡೆಬಿಡದೆ ಸುರಿಯುತ್ತದೆ. ಮನುಷ್ಯನ ಹೃದಯದ ಲಯ ಕೆಡಲು ಇದರ ಅರ್ಧಕ್ಕಿಂತ ಕಡಿಮೆ ವಿದ್ಯುತ್ತು, ಒಂದೆರಡು ಸೆಕೆಂಡು ಹರಿದರೂ ಸಾಕು. ಸ್ನಾಯುಗಳು ಬಿಗಿದುಕೊಳ್ಳುವುದರಿಂದ ತಂತಿಯನ್ನು ಬಿಡಲೂ ಆಗುವುದಿಲ್ಲ. ಇಂತಹ ಬೇಲಿಗೆ ಆನೆಗಳಷ್ಟೇ ಅಲ್ಲ, ಕತ್ತಲಲ್ಲಿ ಅದನ್ನು ಮುಟ್ಟಿದ ರೈತರೂ ಬಲಿಯಾಗಿದ್ದಾರೆ.

ಈಗ ಅಧಿಕಾರಿಯು ಮಾಡಬೇಕಾದುದೇನು? ಮೊಟ್ಟಮೊದಲು, ಲೈನ್‌ಮನ್ ಬಂದು ವಿದ್ಯುತ್ತನ್ನು ಕಡಿಯುವವರೆಗೆ ತನ್ನ ಸಿಬ್ಬಂದಿಯಲ್ಲಿ ಯಾರೂ ತಂತಿಯ ಬಳಿ ಸುಳಿಯದಂತೆ ನೋಡಬೇಕು. ಮೇಲ್ವಿಚಾರಣೆಯ ಹುದ್ದೆಯ ಮೊದಲ ಕರ್ತವ್ಯ ತನ್ನವರ ಪ್ರಾಣರಕ್ಷಣೆ. ಅನಂತರ ಕಂಬದಿಂದ ಕೊಕ್ಕೆ ಹಾಕಿ ಎಳೆದ ಗುರುತು, ಕರಗಿದ ಹೊದಿಕೆ, ಸೊಂಡಿಲು ಅಥವಾ ಕಾಲಿನ ಮೇಲಿನ ಸುಟ್ಟ ಗೆರೆ, ಅದು ತಂತಿಯ ಎತ್ತರಕ್ಕೆ ಹೊಂದುತ್ತದೆಯೇ ಎಂಬ ಅಳತೆ, ಇವುಗಳನ್ನು ನೋಡಬೇಕು. ತಂತಿಯನ್ನು ಆಗಲೇ ಬಿಚ್ಚಿ ಅಡಗಿಸಿದ್ದರೆ ಗೂಟಗಳ ಕುಳಿಗಳನ್ನಾದರೂ ಅಳೆಯಬೇಕು. ಆ ರಾತ್ರಿ ಲೈನು ಯಾವ ಹೊತ್ತಿಗೆ ಟ್ರಿಪ್ ಆಯಿತೆಂಬುದು ವಿದ್ಯುತ್ ಉಪಕೇಂದ್ರದ ದಾಖಲೆಯಲ್ಲಿ ಇದ್ದೀತು. ಪಶುವೈದ್ಯರ ಮರಣೋತ್ತರ ಪರೀಕ್ಷೆಯೊಡನೆ ಇವೆಲ್ಲ ಸೇರಿದಾಗ ಸತ್ಯ ಹೊರಬೀಳುತ್ತದೆ. ಒಡೆಯನು ನಿರಪರಾಧಿಯಾಗಿದ್ದರೆ ಅದೂ ಹೊರಬೀಳುತ್ತದೆ. ಇದು ಮೊದಲಿನದಕ್ಕಿಂತ ಕಡಿಮೆ ಮುಖ್ಯವಲ್ಲ.

ಉಗುರು ಮತ್ತು ದಂತ

ಎಲ್ಲ ಅಪರಾಧವೂ ಕಾಡಿನಲ್ಲೇ ನಡೆಯುವುದಿಲ್ಲ. 2023ರ ಅಕ್ಟೋಬರಿನಲ್ಲಿ ಬೆಂಗಳೂರಿನ ಟೆಲಿವಿಷನ್ ಕಾರ್ಯಕ್ರಮವೊಂದರಲ್ಲಿ ಭಾಗವಹಿಸಿದ್ದ ವ್ಯಕ್ತಿಯು ಹುಲಿಯುಗುರಿನ ಪದಕ ಧರಿಸಿದ್ದನೆಂದು ಅರಣ್ಯಾಧಿಕಾರಿಗಳು ಅವನನ್ನು ಬಂಧಿಸಿದರು. ಅದರ ಬೆನ್ನಿಗೆ ಬೇರೆ ಹಲವರ ಪದಕಗಳೂ ಪರೀಕ್ಷೆಗೆ ಹೋದವು. ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಇಂತಹ ಪದಕ ಇದ್ದ ಮನೆಗಳವರೆಲ್ಲ ಆಗ ಚಿಂತೆಗೊಳಗಾದರು.

ಉಗುರು ನಿಜವೋ ನಕಲಿಯೋ ತಿಳಿಯುವುದೆಂತು? ಸುಟ್ಟು ವಾಸನೆ ನೋಡಿದರೆ ಗೊತ್ತಾಗುತ್ತದೆ ಎನ್ನುವವರುಂಟು. ಇದು ಶುದ್ಧ ತಪ್ಪು. ನಕಲಿ ಉಗುರನ್ನು ಸಾಮಾನ್ಯವಾಗಿ ದನದ ಕೊಂಬು, ಗೊರಸುಗಳಿಂದ ಕೆತ್ತುತ್ತಾರೆ. ಕೊಂಬು, ಗೊರಸು, ಹುಲಿಯುಗುರು, ನಮ್ಮ ಕೂದಲು ಎಲ್ಲವೂ ಕೆರಟಿನ್ ಎಂಬ ಒಂದೇ ಬಗೆಯ ಪ್ರೋಟೀನಿನಿಂದಾದವು. ಸುಟ್ಟರೆ ಎಲ್ಲಕ್ಕೂ ಅದೇ ವಾಸನೆ. ಅಷ್ಟೇ ಅಲ್ಲ, ಸುಟ್ಟವನು ಸಾಕ್ಷ್ಯವನ್ನೇ ಸುಟ್ಟಂತಾಯಿತು. ನಿಜವಾದ ಉಗುರಿನ ಕೆರಟಿನ್ ಹೊದಿಕೆಯೊಳಗೆ ಬೆರಳಿನ ಕೊನೆಯ ಮೂಳೆ ಇರುತ್ತದೆ. ಎಕ್ಸ್-ಕಿರಣದಲ್ಲಿ ಅದು ಕಾಣುತ್ತದೆ. ಕಟ್ಟಕಡೆಯ ತೀರ್ಮಾನ ಡಿಎನ್‌ಎ ಪರೀಕ್ಷೆಯದು. ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆ, ಹೈದರಾಬಾದಿನ ಸಿಸಿಎಂಬಿ ಮೊದಲಾದ ಕಡೆ ಇದನ್ನು ಮಾಡುತ್ತಾರೆ.

ದಂತದ ವಿಷಯ ಇನ್ನೂ ಸ್ವಾರಸ್ಯವಾದುದು. ಸಾವಿರಾರು ವರ್ಷಗಳ ಹಿಂದೆ ಅಳಿದ ಮ್ಯಾಮತ್ ಎಂಬ ಆನೆಯ ದಂತವು ಉತ್ತರದ ಹಿಮಭೂಮಿಯಲ್ಲಿ ದೊರೆಯುತ್ತದೆ. ಕಳ್ಳವ್ಯಾಪಾರಿಯು ಇಂದಿನ ಆನೆಯ ದಂತವನ್ನು ಹಿಡಿದು ‘ಇದು ಮ್ಯಾಮತ್’ ಎಂದು ಸಾಧಿಸಬಹುದು. ದಂತವನ್ನು ಅಡ್ಡಲಾಗಿ ಕೊಯ್ದು ನಯಮಾಡಿದರೆ ಒಂದನ್ನೊಂದು ಹಾಯುವ ಸೂಕ್ಷ್ಮ ಗೆರೆಗಳು ಕಾಣುತ್ತವೆ. ಹೊರ ಅಂಚಿನ ಬಳಿ ಈ ಗೆರೆಗಳ ನಡುವಣ ಕೋನ 115 ಡಿಗ್ರಿಗಿಂತ ಹೆಚ್ಚಿದ್ದರೆ ಅದು ಇಂದಿನ ಆನೆಯದು, 90ಕ್ಕಿಂತ ಕಡಿಮೆಯಿದ್ದರೆ ಮ್ಯಾಮತ್‌ನದು. ನಡುವೆ ಬಂದರೆ ಹಲವು ಕೋನಗಳನ್ನು ಅಳೆದು ಸರಾಸರಿ ನೋಡಬೇಕು. ಶಾಲೆಯ ಪೆಟ್ಟಿಗೆಯಲ್ಲಿ ತುಕ್ಕು ಹಿಡಿಯುವ ಕೋನಮಾಪಕವು ಇಲ್ಲಿ ಕಳ್ಳನನ್ನು ಹಿಡಿಯುತ್ತದೆ!

ಮಹಜರು ಮತ್ತು ರೆಕಾರ್ಡ್ ಪುಸ್ತಕ

ಆದರೆ ಅಳೆದರಷ್ಟೇ ಸಾಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅರಣ್ಯಾಧಿಕಾರಿಗೆ ಶೋಧಿಸುವ, ವಶಪಡಿಸಿಕೊಳ್ಳುವ, ಬಂಧಿಸುವ ಅಧಿಕಾರ ಕೊಟ್ಟಿದೆ. ಸರ್ಕಾರದಿಂದ ಅಧಿಕಾರ ಪಡೆದ, ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿಗಿಂತ ಕೆಳಗಿನದಲ್ಲದ ದರ್ಜೆಯ ಅಧಿಕಾರಿಯು ಸಾಕ್ಷ್ಯವನ್ನು ದಾಖಲೆಮಾಡಬಹುದು. ಆರೋಪಿಯ ಎದುರಿನಲ್ಲಿ ಬರೆದುಕೊಂಡ ಆ ಸಾಕ್ಷ್ಯಕ್ಕೆ ನ್ಯಾಯಾಲಯದಲ್ಲಿ ಬೆಲೆಯುಂಟು. 2022ರ ತಿದ್ದುಪಡಿಯ ಅನಂತರ, ಮೊದಲನೆಯ ಅನುಸೂಚಿಯ ಪ್ರಾಣಿಯನ್ನು ಕೊಂದವನಿಗೆ 3ರಿಂದ 7 ವರ್ಷಗಳ ಸೆರೆ ಮತ್ತು 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಇಷ್ಟು ದೊಡ್ಡ ಶಿಕ್ಷೆ ನಿಲ್ಲುವುದು ಮಹಜರಿನ ಹಾಳೆಯ ಮೇಲೆ. ಯಾವ ದಿನ, ಯಾವ ಹೊತ್ತು, ಯಾವ ಸ್ಥಳ, ಏನು ಕಂಡಿತು, ತೂಕವೆಷ್ಟು, ಉದ್ದವೆಷ್ಟು, ಯಾರ ಎದುರಿನಲ್ಲಿ ಮೊಹರು ಹಾಕಿತು, ಅನಂತರ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಇಷ್ಟರಲ್ಲಿ ಒಂದು ಕೊಂಡಿ ಕಳಚಿದರೂ ಪ್ರತಿವಾದಿಯ ವಕೀಲನು ಅದನ್ನೇ ಹಿಡಿದು ಕೇಳುತ್ತಾನೆ. ವಶಪಡಿಸಿಕೊಂಡಾಗ 412 ಗ್ರಾಂ ಇದ್ದ ವಸ್ತು ಪ್ರಯೋಗಾಲಯಕ್ಕೆ ಬಂದಾಗ 380 ಗ್ರಾಂ ಆದುದೇಕೆ? ಫೋಟೋದಲ್ಲಿ ಅಳತೆಪಟ್ಟಿ ಇಲ್ಲವೇಕೆ? ಆಮೇಲೆ ಕೂತು ‘ಸರಿಯಾಗಿ’ ಬರೆದ ಮಹಜರು ಇಂತಹ ಪ್ರಶ್ನೆಯ ಮುಂದೆ ನಿಲ್ಲದು.

ಇದನ್ನು ಶಿಷ್ಯನಿಗೆ ಹೇಳುತ್ತಿರುವಾಗಲೇ ನಾವು ಮೇಲೆ ಸೂಚಿಸಿದ ತಪ್ಪು ನೆನಪಿಗೆ ಬಂತು. ನಮ್ಮ ಪ್ರಯೋಗಶಾಲೆಯಲ್ಲಿ ಅವನೂ ಅವನ ಜೊತೆಯವನೂ ಲೋಲಕದ ಪ್ರಯೋಗ ಮಾಡಿದ್ದರು. ಇಬ್ಬರ ರೆಕಾರ್ಡಿನಲ್ಲೂ ಅವೇ ಅಂಕಿಗಳು. ಗುರುತ್ವ ವೇಗೋತ್ಕರ್ಷ ಅಚ್ಚುಕಟ್ಟಾಗಿ 9.8. ಒಬ್ಬನು ಅಳೆದಿರಲಿಲ್ಲವೆಂದು, ಬಹುಶಃ ಇಬ್ಬರೂ ಅಳೆದಿರಲಿಲ್ಲವೆಂದು ನಮಗೆ ಆಗಲೇ ಗೊತ್ತಿತ್ತು. ಪರೀಕ್ಷೆ ಹತ್ತಿರವಿತ್ತು, ಸಹಿ ಹಾಕಿದೆವು. 9.8 ಬಂದವನಿಗೆ ಹೆಚ್ಚು ಅಂಕ, ಪ್ರಾಮಾಣಿಕವಾಗಿ 9.5 ಪಡೆದವನಿಗೆ ಕಡಿಮೆ ಅಂಕ! ಉತ್ತರಕ್ಕೆ ಹೊಂದುವಂತೆ ಅಂಕಿಗಳನ್ನು ಬರೆಯುವ ವಿದ್ಯೆಯನ್ನು ನಾವೇ ಕಲಿಸಿದಂತಾಯಿತಲ್ಲವೆ? ಕಾಲೇಜಿನಲ್ಲಿ ಅದರಿಂದ ಯಾರಿಗೂ ಹಾನಿಯಾಗಲಿಲ್ಲ. ಮಹಜರಿನಲ್ಲಿ ಅದೇ ಅಭ್ಯಾಸ ಮುಂದುವರಿದರೆ ಬೇಟೆಗಾರ ತಪ್ಪಿಸಿಕೊಳ್ಳುತ್ತಾನೆ, ಇಲ್ಲವೆ ನಿರಪರಾಧಿ ಸೆರೆಮನೆ ಸೇರುತ್ತಾನೆ.

ಇದನ್ನು ಕೇಳಿ ಅವನು ನಗಲಿಲ್ಲ. “ಸಾರ್, ಆ ಪ್ರಯೋಗವನ್ನು ಈಗ ಒಂದು ಸಲ ಮಾಡಬಹುದೇ?” ಎಂದ. ಅಂದು ಸಂಜೆ ಪ್ರಯೋಗಶಾಲೆಯ ಬೀಗ ತೆಗೆಸಿದೆವು. ಇಪ್ಪತ್ತು ಆಂದೋಲನಗಳನ್ನು ಎಣಿಸಿ, ಐದು ಸಲ ಕಾಲವನ್ನು ಅಳೆದು, ಬಂದದ್ದನ್ನು ಬಂದಂತೆಯೇ ಬರೆದ. ತಪ್ಪಿದ ಒಂದು ಅಂಕಿಯನ್ನು ಉಜ್ಜಿ ಅಳಿಸದೆ, ಮೇಲೊಂದು ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆದ. ಉತ್ತರ 9.6 ಬಂತು. ಅದಕ್ಕೆ ನಾವು ಸಂತೋಷದಿಂದ ಸಹಿ ಹಾಕಿದೆವು.

ಈ ಹುದ್ದೆಯನ್ನು ಬಯಸುವ ವಿದ್ಯಾರ್ಥಿಗಳು ನಡಿಗೆಯ ಅಭ್ಯಾಸವನ್ನು ಪದವಿ ಮುಗಿದ ಮೇಲೆ ಆರಂಭಿಸಿದರೂ ನಡೆದೀತು. ಕಂಡದ್ದನ್ನು ಕಂಡಂತೆ ಬರೆಯುವ ಅಭ್ಯಾಸವನ್ನು ಮಾತ್ರ ಇಂದಿನ ಪ್ರಯೋಗ ತರಗತಿಯಲ್ಲೇ ಆರಂಭಿಸಬೇಕು. ಅದಕ್ಕೆ ಅಧಿಸೂಚನೆಯನ್ನು ಕಾಯಬೇಕಾಗಿಲ್ಲ.