ಆನ್‌ಲೈನ್ ಕನ್ನಡ ಪಾಠ: ಲ್ಯಾಪ್‌ಟಾಪ್‌ಗೆ ಒಗ್ಗಿದ ಆಟ ಮೊಬೈಲ್‌ನಲ್ಲಿ ಕೈಕೊಡುವುದೇಕೆ?

ನವಿ ಮುಂಬಯಿಯ ಸಾನಪಾಡಾದಲ್ಲಿ ಬೆಳೆಯುವ ಕನ್ನಡಿಗರ ಮಗು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಕೇಳುತ್ತದೆ. ಶಾಲೆಯಲ್ಲಿ ಇಂಗ್ಲಿಷ್ ಓದುತ್ತದೆ, ಮರಾಠಿ, ಹಿಂದಿಗಾಗಿ ದೇವನಾಗರಿ ಬರೆಯುತ್ತದೆ. ಕನ್ನಡ ಲಿಪಿ ಕಲಿಸುವ ಹೊಣೆ ಹೆಚ್ಚಾಗಿ ಮನೆಯವರದ್ದೇ. ಹಾಗಾಗಿ ಆನ್‌ಲೈನ್ ಪಾಠಗಳ ಮೊರೆ ಹೋಗುವುದು ಸಹಜ.

ಆದರೆ ಮಗುವಿನ ಕೈಗೆ ಸಿಗುವ ಸಾಧನ ಯಾವುದು? ಲ್ಯಾಪ್‌ಟಾಪ್ ಕಚೇರಿ ಕೆಲಸಕ್ಕೆ ಮೀಸಲು. ಅಪ್ಪನ ಮೊಬೈಲ್ ಬೆಳಿಗ್ಗೆ ಹಾರ್ಬರ್ ಲೈನ್ ಲೋಕಲ್ ಹತ್ತಿದರೆ ಮರಳುವುದು ರಾತ್ರಿಗೆ. ಇಂಥ ಮನೆಯಲ್ಲಿ ಮಗುವಿಗೆ ದಕ್ಕುವುದು ಅರ್ಧ ಗಂಟೆ, ಅದೂ ಆ ಹೊತ್ತಿಗೆ ಬಿಡುವಾಗಿರುವ ಪರದೆಯಲ್ಲಿ. ಅಷ್ಟರಲ್ಲಿ ಚಟುವಟಿಕೆ ಸರಿಯಾಗಿ ಕೆಲಸ ಮಾಡದಿದ್ದರೆ ಆ ದಿನದ ಕನ್ನಡ ಅಲ್ಲಿಗೆ ಮುಗಿಯಿತು.

ಕತೆ ಯಾವುದು, ಕತ್ತೆ ಯಾವುದು?

ಕನ್ನಡಕ್ಕೆ ದೊಡ್ಡ ತೊಡಕು ಒತ್ತಕ್ಷರ. ‘ಕತೆ’ ಮತ್ತು ‘ಕತ್ತೆ’ ನಡುವಿನ ವ್ಯತ್ಯಾಸವೆಲ್ಲ ಇರುವುದು ಸಾಲಿನ ಕೆಳಗಿನ ಆ ಪುಟ್ಟ ಗುರುತಿನಲ್ಲಿ. ದೇವನಾಗರಿಯಲ್ಲಿ ಅರ್ಧ ‘ತ’ ಪಕ್ಕದಲ್ಲೇ ನಿಲ್ಲುತ್ತದೆ. ಅದಕ್ಕೆ ಒಗ್ಗಿದ ಕಣ್ಣು ಅಕ್ಷರದ ಕೆಳಗೆ ಹುಡುಕುವುದಿಲ್ಲ. ಅದರ ಮೇಲೆ ಇಂಗ್ಲಿಷ್ ಅಕ್ಷರಗಳ ಅಳತೆಗೆ ಮಾಡಿದ ಚೌಕದಲ್ಲಿ ಕನ್ನಡ ತುರುಕಿದರೆ ಒತ್ತಕ್ಷರದ ಬುಡವೇ ಕತ್ತರಿಸಿ ಹೋಗಬಹುದು. ಆಗ ತಪ್ಪು ಉತ್ತರ ಕೊಟ್ಟ ಮಗುವಿನದ್ದು ತಪ್ಪೇ? ಲ್ಯಾಪ್‌ಟಾಪ್‌ನಲ್ಲಿ ಒಮ್ಮೆಗೆ ಎಂಟು ಪದ ತೋರಿಸುವ ಆಟ ಮೊಬೈಲ್‌ನಲ್ಲಿ ಎರಡೇ ಪದ ತೋರಿಸಲಿ. ಅಕ್ಷರ ದೊಡ್ಡದಿರಲಿ, ಸಾಲುಗಳ ನಡುವೆ ಜಾಗವಿರಲಿ.

ಎಳೆದು ಹೊಂದಿಸುವ ಆಟಗಳದ್ದು ಬೇರೆ ಫಜೀತಿ. ಮೌಸ್‌ಗೆ ಅದು ಸಲೀಸು. ಮೊಬೈಲ್‌ನಲ್ಲಿ ಬೆರಳೇ ಅಕ್ಷರವನ್ನು ಮುಚ್ಚುತ್ತದೆ, ಎಳೆಯಲು ಹೋದರೆ ಕೆಲವೊಮ್ಮೆ ಪುಟವೇ ಸರಿಯುತ್ತದೆ. ಮೊದಲು ಅಕ್ಷರ ಮುಟ್ಟಿ, ಆಮೇಲೆ ಅದರ ಜಾಗ ಮುಟ್ಟುವಂತೆ ಬದಲಿಸಿದರೆ ಕಲಿಕೆಗೇನೂ ಕೊರತೆಯಾಗದು. ಮುಟ್ಟುವ ಗುಂಡಿ ಸುಮಾರು 9 ಮಿಲಿಮೀಟರ್ ಆದರೂ ಇರಲಿ ಎನ್ನುವುದು ಆಂಡ್ರಾಯ್ಡ್‌ನ ಸಲಹೆ. ಮೌಸ್ ಮೇಲಿಟ್ಟಾಗ ಅರ್ಥ ತೋರಿಸುವ ಸೌಲಭ್ಯವಂತೂ ಟಚ್‌ಸ್ಕ್ರೀನ್‌ನಲ್ಲಿ ನೆಚ್ಚಿಕೊಳ್ಳುವಂಥದ್ದಲ್ಲ.

ಧ್ವನಿಯ ವಿಷಯಕ್ಕೆ ಬಂದರೆ, ಮರಾಠಿ ಬರಹದಲ್ಲಿ ಎ-ಏ, ಒ-ಓ ಬೇರೆ ಬೇರೆಯಾಗಿ ಕಾಣಿಸುವುದಿಲ್ಲ. ಆದ್ದರಿಂದ ಮಗು ಅವನ್ನು ಕೇಳಿಯೇ ಕಲಿಯಬೇಕು. ಪುಟ ತೆರೆದ ಕೂಡಲೇ ಧ್ವನಿ ತಾನಾಗಿ ಕೇಳಿಸುವುದನ್ನು ಮೊಬೈಲ್ ಬ್ರೌಸರ್‌ಗಳು ಸಾಮಾನ್ಯವಾಗಿ ತಡೆಯುತ್ತವೆ. ಕಣ್ಣಿಗೆ ಬೀಳುವಂಥ ‘ಕೇಳಿ’ ಗುಂಡಿ ಇರಲೇಬೇಕು.

ಬರೆಸುವುದು ಹೇಗೆ?

ಅಕ್ಷರ ತಿದ್ದುವುದಕ್ಕೆ ಮೊಬೈಲ್, ಟ್ಯಾಬ್ಲೆಟ್ ಉತ್ತಮ, ಬೆರಳೇ ಬಳಪ. ಮೌಸ್ ಹಿಡಿದು ‘ಋ’ ತಿದ್ದುವುದು ದೊಡ್ಡವರಿಗೂ ಕಷ್ಟ. ಲ್ಯಾಪ್‌ಟಾಪ್‌ನಲ್ಲಿ ಅದರ ಬದಲು ಟೈಪಿಂಗ್ ಕೊಡಬಹುದು. ಅಲ್ಲೂ ಒಂದು ಗೊಂದಲವಿದೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆಯಲ್ಲಿ ‘ಅಮ್ಮ’ ಬರೆಯಲು ಎ, ಎಂ, ಎಫ್, ಎಂ ಒತ್ತಬೇಕು. ಮೊಬೈಲ್‌ನ ಲಿಪ್ಯಂತರ ಕೀಲಿಮಣೆಯಲ್ಲಿ ಎ, ಎಂ, ಎಂ, ಎ. ಇಬ್ಬರೂ ಒಂದೇ ತರಗತಿಯಲ್ಲಿದ್ದು ಶಿಕ್ಷಕಿ ‘ಈಗ ಎಫ್ ಒತ್ತಿ’ ಎಂದರೆ ಮೊಬೈಲ್ ಹಿಡಿದ ಮಗು ಕಕ್ಕಾಬಿಕ್ಕಿ! ಯಾವ ಪದ ಬರೆಯಬೇಕು ಎಂದಷ್ಟೇ ಹೇಳಿ, ಕೀಲಿಗಳ ಪಾಠ ಬೇರೆಯಾಗಿ ಮಾಡುವುದು ಮೇಲು.

ಕಾಗುಣಿತದ ಪರೀಕ್ಷೆಗೆ ಮಾತ್ರ ಮೊಬೈಲ್ ಟೈಪಿಂಗ್ ಬೇಡ. ಎರಡಕ್ಷರ ಒತ್ತುವಷ್ಟರಲ್ಲಿ ಕೀಲಿಮಣೆಯೇ ಪೂರ್ತಿ ಪದ ಸೂಚಿಸಿಬಿಡುತ್ತದೆ. ಪುಸ್ತಕದಲ್ಲಿ ಬರೆಸಿ, ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವ ಹಳೇ ಉಪಾಯವೇ ಇಲ್ಲಿ ಗೆಲ್ಲುತ್ತದೆ.

ಹೊಸ ಚಟುವಟಿಕೆಯನ್ನು ಮಕ್ಕಳಿಗೆ ಕಳುಹಿಸುವ ಮುನ್ನ ಮನೆಯಲ್ಲಿರುವ ಅತಿ ಹಳೆಯ ಮೊಬೈಲ್‌ನಲ್ಲಿ, ವೈಫೈ ಆಫ್ ಮಾಡಿ, ಒಮ್ಮೆ ಆಡಿ ನೋಡಿ.